ಕಿರುಚದ ಹೆಂಗಸಿನ ಬಾಯಿಗೆ ನನ್ನ ಚೀತ್ಕಾರ

ಸಿನಿಮಾ ಪರವಾನಗಿ ಮಂಡಳಿಯ ಅಧ್ಯಕ್ಷೆಯವರಿಗೆ,

ಮಾನ್ಯರೇ,

ಬರುವ ಶುಕ್ರವಾರ ಬಿಡುಗಡೆಯಾಗಲಿರುವ ದೆವ್ವದ ಸಿನಿಮಾ ಒಂದರಲ್ಲಿ, ಕಿರುಚಲೇಬಾರದು ಎಂದು ಬರೆದಿದ್ದ ನಾಯಕಿಯ ಬಾಯಿಗೆ ನಿಮ್ಮ ಮಂಡಳಿ ಒಂದು ಚೀತ್ಕಾರವನ್ನು ತುರುಕಿಸಿದೆ. ಆ ಚೀತ್ಕಾರ ನನ್ನದು. ಅದನ್ನು ನಾನು ಈ ಸಿನಿಮಾಕ್ಕಾಗಿ ಕೊಟ್ಟದ್ದಲ್ಲ. ನಿಜ ಹೇಳಬೇಕೆಂದರೆ ಯಾರಿಗೂ ಕೊಟ್ಟದ್ದಲ್ಲ, ನನ್ನಿಂದ ಕಿತ್ತುಕೊಂಡದ್ದು. ಹೇಗೆ ಕಿತ್ತುಕೊಂಡರು ಎಂಬುದು, ಕಿತ್ತುಕೊಂಡವರನ್ನು ಬಿಟ್ಟರೆ, ಇಷ್ಟು ವರ್ಷ ಗೊತ್ತಿದ್ದದ್ದು ನಿಮಗೆ ಒಬ್ಬರಿಗೇ. ಅದನ್ನು ತೆಗೆಸಿಕೊಡಿ ಎಂದು ಕೇಳಲು ನಿಮ್ಮ ಕಚೇರಿಗೆ ಬಂದೆ. ನೀವು ಕಾಫಿ ಕುಡಿಸಿ ಕಳುಹಿಸಿದಿರಿ. ಆದ್ದರಿಂದ ಈಗ ನಾಲ್ಕು ಜನರ ಮುಂದೆ ಕೇಳುತ್ತಿದ್ದೇನೆ.

ಇದನ್ನು ಓದುವ ಆ ನಾಲ್ಕು ಜನರಿಗಾಗಿ ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಡಬ್ಬಿಂಗ್ ಕಲಾವಿದೆ. ತೆರೆಯ ಮೇಲೆ ನಾಯಕಿ ತುಟಿ ಆಡಿಸುತ್ತಾಳೆ. ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದ, ಗಾಳಿಯಾಡದ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಅವಳ ಮಾತನ್ನು ಆಡುವವಳು ನಾನು. ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ದೆವ್ವದ ಸಿನಿಮಾಗಳೇ. ಪ್ರೇಮದ ಮಾತಿಗೆ ನನ್ನ ಗಂಟಲು ಸ್ವಲ್ಪ ಒರಟಂತೆ, ಸಾಯುವುದಕ್ಕೆ ಹೇಳಿ ಮಾಡಿಸಿದ ಹಾಗಿದೆಯಂತೆ. ಸ್ಟುಡಿಯೋದವರು ನನಗಿಟ್ಟ ಹೆಸರು ಕಿರುಚಮ್ಮ. ‘ಕಿರುಚಮ್ಮ ಬಂದ್ರಾ? ಮೊದ್ಲು ಟೀ ಕೊಡ್ರಪ್ಪ, ಆಮೇಲೆ ಕೊಲ್ಲೋಣ’ ಎಂದು ನಗುತ್ತಾರೆ. ನಾನೂ ನಗುತ್ತೇನೆ. ಹೊಟ್ಟೆಪಾಡು. ಮನೆಯಲ್ಲಿ ಜಿರಲೆ ಕಂಡರೆ ನಮ್ಮಕ್ಕ ಕಿರುಚುತ್ತಾಳೆ, ನಾನು ಚಪ್ಪಲಿ ಹುಡುಕುತ್ತೇನೆ. ಸಂಬಳವಿಲ್ಲದೆ ಕಿರುಚುವ ಅಭ್ಯಾಸ ನನಗಿಲ್ಲ.

ಹೀಗಾಗಿ ಭಯದ ಸಿನಿಮಾಗಳಲ್ಲಿ ಹೆಣ್ಣಿಗೆ ಏನೇನು ಕೆಲಸ ಕೊಡುತ್ತಾರೆ ಎಂಬುದನ್ನು ಗಂಟಲಿನಿಂದಲೇ ಕಲಿತವಳು ನಾನು. ಬಾತ್‌ರೂಮಿನಲ್ಲಿ ಸತ್ತಿದ್ದೇನೆ, ಮೆಟ್ಟಿಲ ಮೇಲೆ ಸತ್ತಿದ್ದೇನೆ, ಕಾರಿನ ಹಿಂದಿನ ಸೀಟಿನಲ್ಲಿ ಸತ್ತಿದ್ದೇನೆ. ಇಬ್ಬರು ಗೆಳತಿಯರಿದ್ದರೆ ಜೋರಾಗಿ ನಗುವವಳು ಮೊದಲು ಹೋಗುತ್ತಾಳೆ. ತಲೆ ತಗ್ಗಿಸಿ ನಡೆಯುವವಳು ಕೊನೆಯವರೆಗೆ ಉಳಿಯುತ್ತಾಳೆ, ಅದೂ ಯಾವನಾದರೂ ಬಂದು ಬಾಗಿಲು ಒಡೆದರೆ. ಕ್ಯಾಮೆರಾ ಯಾವಾಗಲೂ ಕೊಲ್ಲುವವನ ಭುಜದ ಹಿಂದೆಯೇ ಇರುತ್ತದೆ, ಸಾಯುವವಳ ಪಕ್ಕದಲ್ಲಿ ಒಂದು ಸಲವಾದರೂ ನಿಂತದ್ದನ್ನು ನಾನು ಕಾಣೆ. ದರ್ಜಿ ಅಂಗಡಿ ನಡೆಸುವ ನಮ್ಮಕ್ಕ ಓದಿದ್ದು ಅಷ್ಟಕ್ಕಷ್ಟೇ, ಆದರೆ ದೆವ್ವದ ಸಿನಿಮಾ ಒಂದನ್ನೂ ಬಿಟ್ಟವಳಲ್ಲ. ಕಾಜಾ ಹೊಲಿಯುತ್ತಾ ಒಮ್ಮೆ ಹೇಳಿದಳು: ‘ಬದುಕಿದ್ದಾಗ ಒಂದ್ ಲೋಟ ನೀರೂ ಗಂಡನ್ನ ಕೇಳಿ ಕುಡೀತಿದ್ಲು. ಸತ್ತ ಮೇಲೆ ನೋಡು, ಗೋಡೆ ಹತ್ತುತ್ತಾಳೆ, ಕಾರು ಎತ್ತಿ ಎಸೀತಾಳೆ. ಹೆಂಗಸಿಗೆ ಧೈರ್ಯ ಬರ್ಬೇಕು ಅಂದ್ರೆ ಸಾಯ್ಲೇಬೇಕೇನೇ?’ ಅಷ್ಟಾದರೂ ಆ ಧೈರ್ಯ ಅವಳಿಗೆ ದಕ್ಕುವುದಿಲ್ಲ. ಕೊನೆಯ ಹತ್ತು ನಿಮಿಷದಲ್ಲಿ ದೆವ್ವ ಬಿಡಿಸುವ ಗಂಡಸು ಒಬ್ಬ ಬರುತ್ತಾನೆ, ಅವಳನ್ನು ಮತ್ತೆ ಸಾಯಿಸುತ್ತಾನೆ, ಮನೆಮಂದಿ ನೆಮ್ಮದಿಯ ಉಸಿರು ಬಿಡುತ್ತಾರೆ. ಅವಳನ್ನು ಮೊದಲ ಸಲ ಕೊಂದವನು ಆ ಮನೆಮಂದಿಯಲ್ಲೇ ನಿಂತಿರುತ್ತಾನೆ ಎಂಬುದು ಯಾರ ತಲೆಗೂ ಹೋಗುವುದಿಲ್ಲ.

ಇದನ್ನೆಲ್ಲ ನಿಮಗೆ ಹೇಳುತ್ತಿರುವುದು ನನಗೇ ನಗು ತರಿಸುತ್ತದೆ. ಇದರಲ್ಲಿ ಅರ್ಧ ಮಾತು ನಾನು ಕಲಿತದ್ದೇ ನಿಮ್ಮಿಂದ. ಆಗ ನೀವು ಅಧ್ಯಕ್ಷರಾಗಿರಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಾ, ‘ಭಯದ ಸಿನಿಮಾಗಳಲ್ಲಿ ಹೆಣ್ಣು’ ಎಂದು ಬರೆಯುತ್ತಾ, ಭಾಷಣ ಮಾಡುತ್ತಾ ಓಡಾಡುತ್ತಿದ್ದಿರಿ. ಯಾರೋ ನನ್ನ ವಿಳಾಸ ಕೊಟ್ಟರೆಂದು ನಮ್ಮ ಮನೆ ಹುಡುಕಿಕೊಂಡು ಬಂದಿರಿ. ಇದ್ದ ಒಂದು ಕುರ್ಚಿಯ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿತ್ತು. ನೀವು ಅಡುಗೆಮನೆಯ ಮಣೆ ಎಳೆದುಕೊಂಡು ಕುಳಿತು, ‘ನನಗೆ ಪುಸ್ತಕದ ಮಾತು ಬೇಡ, ನೀವು ಆ ಕೋಣೆಯೊಳಗೆ ನಿಂತಾಗ ಏನಾಗುತ್ತೆ ಅದನ್ನ ಹೇಳಿ’ ಎಂದಿರಿ. ಅಲ್ಲಿಯವರೆಗೆ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಅಕ್ಕನಿಗೂ ಹೇಳದಿದ್ದದ್ದನ್ನು ನಿಮಗೆ ಹೇಳಿದೆ.

ಹೇಳಿದ್ದು ಇಷ್ಟು. ನಾನು ಈ ಕೆಲಸಕ್ಕೆ ಹೊಸಬಳಾಗಿದ್ದಾಗ ದೆವ್ವದ ಸಿನಿಮಾ ಒಂದರ ನಿರ್ದೇಶಕರಿಗೆ ನನ್ನ ಕಿರುಚಾಟ ಹಿಡಿಸಲಿಲ್ಲ. ‘ನಾಟಕ ಮಾಡ್ತಿದೀಯ. ನನಗೆ ನಿಜವಾದ್ದು ಬೇಕು’ ಎಂದರು. ಮತ್ತೆ ಮತ್ತೆ ಮಾಡಿದೆ, ಗಂಟಲು ಕಟ್ಟಿತು. ಊಟ ಮಾಡಿ ಬಾ ಎಂದರು, ಬಂದೆ. ನಾನು ಮೈಕಿನ ಮುಂದೆ ನಿಂತ ಮೇಲೆ ಒಳಗೂ, ಅವರು ಕೂರುವ ಗಾಜಿನ ಆಚೆಗೂ ದೀಪ ಆರಿತು, ಹೊರಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ಕರೆಂಟು ಹೋಯಿತು ಎಂದುಕೊಂಡೆ. ಆ ಕೋಣೆಯಲ್ಲಿ ಕತ್ತಲೆಂದರೆ ನಮ್ಮ ಕೈ ನಮಗೆ ಕಾಣದಂಥದ್ದು. ಆಗ ನನ್ನ ಬೆನ್ನ ಹಿಂದೆ ಯಾರೋ ಉಸಿರಾಡಿದರು. ಒಂದು ಕೈ ಹಿಂದಿನಿಂದ ಬಂದು ನನ್ನ ಕತ್ತು ಹಿಡಿಯಿತು, ಇನ್ನೊಂದು ಕೈ ಎಲ್ಲಿಗೆ ಹೋಯಿತೆಂದು ಇಲ್ಲಿ ಬರೆಯುವುದಿಲ್ಲ, ನಿಮಗೆ ಹೇಳಿದ್ದೇನೆ. ನಾನು ಕಿರುಚಿದೆ. ದೀಪ ಬಂತು. ಗಾಜಿನ ಆಚೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಹಿಂದೆ ನಿಂತಿದ್ದವನು ಸಹಾಯಕ ನಿರ್ದೇಶಕ. ಅವನೇ ನನಗೆ ನೀರು ತಂದುಕೊಟ್ಟು, ‘ಬೇಜಾರ್ ಮಾಡ್ಕೋಬೇಡಿ, ಕಲೆಗೋಸ್ಕರ’ ಎಂದ. ಆ ಚೀತ್ಕಾರ ಅವರಿಗೆ ಎಷ್ಟು ಹಿಡಿಸಿತೆಂದರೆ ಸ್ಟುಡಿಯೋದ ಸದ್ದುಗಳ ಸಂಗ್ರಹದಲ್ಲಿ ಇಟ್ಟುಕೊಂಡರು. ಬಾಗಿಲು ಕಿರ್ರೆನ್ನುವ ಸದ್ದು, ನಾಯಿ ಊಳಿಡುವ ಸದ್ದು, ಗುಡುಗು, ಅವುಗಳ ಜೊತೆಗೆ ನಾನು. ಅದಕ್ಕೆ ‘ಒರಿಜಿನಲ್’ ಎಂದು ಹೆಸರಾಯಿತು. ಯಾವ ಸಿನಿಮಾದಲ್ಲಿ ಯಾವ ನಟಿಯ ಕಿರುಚಾಟ ಸಪ್ಪೆಯಾದರೂ, ‘ಒರಿಜಿನಲ್ ಹಾಕು’ ಎಂದರೆ ಮುಗಿಯಿತು. ಬೀಗದ ಜಾಹೀರಾತಿನಲ್ಲೂ ಅದು ಬಂತು.

ಇದನ್ನು ಕೇಳುತ್ತಾ ನೀವು ನನ್ನ ಮಾತನ್ನು ಮುದ್ರಿಸಿಕೊಳ್ಳುತ್ತಿದ್ದ ಯಂತ್ರವನ್ನು ನಿಲ್ಲಿಸಿದಿರಿ. ನನ್ನ ಕೈ ಹಿಡಿದು ಅತ್ತಿರಿ. ನಾನು ಅಳಲಿಲ್ಲ, ನನ್ನ ಪಾಲಿನದನ್ನೂ ನೀವೇ ಅಳುತ್ತಿದ್ದೀರಿ ಎನಿಸಿ ಹಗುರವಾಯಿತು. ಮುಂದೆ ನಿಮ್ಮ ಭಾಷಣಗಳಲ್ಲಿ, ನನ್ನ ಸುಳಿವು ಬಿಟ್ಟುಕೊಡದೆ, ಆ ಚೀತ್ಕಾರವನ್ನು ಸಭೆಗೆ ಕೇಳಿಸಿ, ‘ಇದು ಅಭಿನಯವಲ್ಲ, ಇದು ಸಾಕ್ಷ್ಯ. ಇದನ್ನು ಇನ್ನೊಂದು ಸಿನಿಮಾದಲ್ಲಿ ಬಳಸುವುದೆಂದರೆ ಆ ಹೆಣ್ಣಿನ ಕತ್ತಿಗೆ ಇನ್ನೊಮ್ಮೆ ಕೈ ಹಾಕಿದಂತೆ’ ಎಂದಿರಿ. ನಾನು ಮೊದಲ ಸಾಲಿನಲ್ಲಿ ಕುಳಿತಿದ್ದೆ. ನೀವು ಕೇಳಿಸುವ ಮೊದಲು ನನ್ನ ಕಡೆ ನೋಡುತ್ತಿದ್ದಿರಿ, ನಾನು ತಲೆಯಾಡಿಸಿದರೆ ಮಾತ್ರ ಕೇಳಿಸುತ್ತಿದ್ದಿರಿ. ಒಂದು ಸಲ ನಾನು ಬೇಡವೆಂದು ತಲೆಯಾಡಿಸಿದಾಗ ಮಾತು ಬದಲಿಸಿ ಮುಂದೆ ಹೋದಿರಿ. ಆ ದಿನದಿಂದ ನಿಮ್ಮನ್ನು ಒಡಹುಟ್ಟಿದವಳಿಗಿಂತ ಹೆಚ್ಚಾಗಿ ನಂಬಿದೆ. ನಿಮ್ಮನ್ನು ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದಾಗ ಸ್ಟುಡಿಯೋದವರಿಗೆಲ್ಲ ಸಿಹಿ ಹಂಚಿದ ದಡ್ಡಿ ನಾನೇ.

ಇನ್ನು ಈ ಸಿನಿಮಾದ ವಿಷಯ. ಇದನ್ನು ಮಾಡಿದವಳು ಚಿಕ್ಕ ವಯಸ್ಸಿನ ಹೆಂಗಸು, ಮೊದಲ ಸಿನಿಮಾ, ನನ್ನನ್ನು ಚಿಕ್ಕಮ್ಮ ಎಂದು ಕರೆಯುತ್ತಾಳೆ. ಕಥೆ ಹೇಳಲು ಬಂದವಳು, ‘ಚಿಕ್ಕಮ್ಮ, ಇದರಲ್ಲಿ ನೀವು ಒಂದ್ಸಲಾನೂ ಕಿರುಚೋ ಹಾಗಿಲ್ಲ’ ಎಂದಳು. ‘ಹಾಗಾದ್ರೆ ನನ್ನನ್ಯಾಕೆ ಕರೀತೀಯ?’ ಎಂದೆ. ‘ನೀವು ಕಿರುಚದೇ ಇರೋದನ್ನ ಕೇಳ್ಬೇಕು ನಂಗೆ’ ಎಂದಳು. ಕಥೆ ಸರಳ. ಬಾಡಿಗೆ ಮನೆಗೆ ಬಂದ ಗೃಹಿಣಿಗೆ ಸಾಮಾನಿನ ಕೋಣೆಯಲ್ಲಿ ಸತ್ತವಳೊಬ್ಬಳು ಕಾಣಿಸುತ್ತಾಳೆ. ಎಲ್ಲ ಸಿನಿಮಾಗಳಲ್ಲೂ ಇಲ್ಲಿ ಕಿರುಚಬೇಕು. ಇವಳು ಬಾಗಿಲ ಬಳಿ ನಿಂತು ಒಂದು ಉಸಿರು ಎಳೆದುಕೊಳ್ಳುತ್ತಾಳೆ, ಸ್ಟೂಲು ಎಳೆದು ಎದುರಿಗೆ ಕೂರುತ್ತಾಳೆ, ‘ನಿನಗೇನಾಯ್ತು ಹೇಳು’ ಎನ್ನುತ್ತಾಳೆ. ಅಷ್ಟು ಕೇಳಿದ್ದಕ್ಕೆ ಸತ್ತವಳು ಅಳುತ್ತಾಳೆ. ಕೊನೆಗೆ ಗಂಡ ದೆವ್ವ ಬಿಡಿಸುವವನನ್ನು ಕರೆತಂದರೆ ಇವಳು ಇಬ್ಬರನ್ನೂ ಹೊರಗೆ ಕಳುಹಿಸಿ ಬಾಗಿಲು ಹಾಕಿಕೊಳ್ಳುತ್ತಾಳೆ. ಆ ಒಂದು ಉಸಿರನ್ನು ಮೈಕಿಗೆ ಕೊಡಲು ನನಗೆ ಇಡೀ ಬೆಳಗ್ಗೆ ಬೇಕಾಯಿತು. ಬಾಯಿ ತೆರೆದರೆ ಗಂಟಲು ತಾನಾಗಿ ಕಿರುಚಲು ಹೋಗುತ್ತಿತ್ತು, ಅಷ್ಟು ಪಳಗಿಬಿಟ್ಟಿದೆ ಹಾಳಾದ್ದು. ಕೊನೆಗೊಮ್ಮೆ ಸರಿಯಾಗಿ ಬಂದಾಗ ಕೋಣೆಯಿಂದ ಹೊರಬಂದು ಆ ಹುಡುಗಿಯನ್ನು ತಬ್ಬಿಕೊಂಡು ಹೋ ಎಂದು ಅತ್ತೆ. ಆ ಕೋಣೆಗೆ ಹೆದರದೆ ನಿಂತದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ನಿಮ್ಮ ಮಂಡಳಿ ಈ ಸಿನಿಮಾ ನೋಡಿತು. ಆದೇಶ ಕೊಡಲಿಲ್ಲ, ಛೆ, ಅಷ್ಟು ಒರಟುತನ ನಿಮ್ಮಲ್ಲಿಲ್ಲ. ‘ಸಲಹೆ’ ಕೊಟ್ಟಿತು. ಸಲಹೆ ಪಾಲಿಸದಿದ್ದರೆ ಪರವಾನಗಿ ತಡವಾಗುತ್ತದೆ, ಅಷ್ಟೇ. ನಿಮ್ಮ ಸಹಿಯಿರುವ ಸಲಹೆಯ ಮಾತನ್ನು ಹಾಗೇ ಬರೆಯುತ್ತೇನೆ: ‘ಪ್ರೇತವನ್ನು ಕಂಡ ಗೃಹಿಣಿಯು ಯಾವುದೇ ಸಹಜ ಭಯವನ್ನು ವ್ಯಕ್ತಪಡಿಸದೆ ಸಂಭಾಷಣೆಗೆ ಇಳಿಯುವುದು ಅಸ್ವಾಭಾವಿಕವಾಗಿದ್ದು, ಮಹಿಳಾ ಪ್ರೇಕ್ಷಕರಿಗೆ ತಪ್ಪು ಸಂದೇಶ ಹೋಗುವ ಸಂಭವವಿರುತ್ತದೆ.’ ಪ್ರೇತ ಅಸ್ವಾಭಾವಿಕವಲ್ಲವಂತೆ, ಹೆದರದ ಹೆಂಗಸು ಅಸ್ವಾಭಾವಿಕವಂತೆ. ಯಾವ ತಪ್ಪು ಸಂದೇಶ, ಮಾನ್ಯರೇ? ನಾಳೆಯಿಂದ ಗೃಹಿಣಿಯರೆಲ್ಲ ಸ್ಟೂಲು ಹಿಡಿದುಕೊಂಡು ಸ್ಮಶಾನಕ್ಕೆ ಹೊರಡುತ್ತಾರೆಂದೇ? ಅಥವಾ ಮನೆಯೊಳಗೆ ಸತ್ತವರನ್ನು ‘ನಿನಗೇನಾಯ್ತು’ ಎಂದು ಕೇಳುವ ಅಭ್ಯಾಸ ಬಿದ್ದರೆ, ಬದುಕಿರುವ ಕೆಲವರಿಗೆ ಕಷ್ಟವಾದೀತೆಂದೇ? ಇದೇ ಮಂಡಳಿ ಕಳೆದ ತಿಂಗಳು ಪಾಸು ಮಾಡಿದ ಸಿನಿಮಾದಲ್ಲಿ ಒಬ್ಬಳನ್ನು ಜುಟ್ಟು ಹಿಡಿದು ಮೆಟ್ಟಿಲಿನಿಂದ ಕೆಳಗೆ ಎಳೆಯುತ್ತಾರೆ, ಎಳೆಯುತ್ತಲೇ ಇರುತ್ತಾರೆ, ಮನೆಯ ಮೆಟ್ಟಿಲೋ ಬೆಟ್ಟದ ಮೆಟ್ಟಿಲೋ ಎನ್ನಬೇಕು. ಅದಕ್ಕೆ ನಿಮ್ಮವರು ಕೊಟ್ಟ ಷರಾ ‘ಕಥೆಗೆ ಅಗತ್ಯ’. ಆ ನಾಯಕಿಗೂ ನಾನೇ ಧ್ವನಿ ಕೊಟ್ಟದ್ದು. ಆಗ ನನ್ನ ಕಿರುಚಾಟ ಯಾರಿಗೂ ತಪ್ಪು ಸಂದೇಶ ಕೊಡಲಿಲ್ಲ.

ಕಿರುಚಿಕೊಡಿ ಎಂದು ನಿರ್ಮಾಪಕರು ನನಗೆ ಫೋನ್ ಮಾಡಿದರು. ಆಗುವುದಿಲ್ಲ ಎಂದೆ. ಆ ಹುಡುಗಿಯೂ ಆಗುವುದಿಲ್ಲ ಎಂದಳು. ಬಿಡುಗಡೆಯ ದಿನ ತಪ್ಪಿದರೆ ತಾವು ಮನೆ ಮಾರಬೇಕಾಗುತ್ತದೆ ಎಂದು ನಿರ್ಮಾಪಕರು ಅವಳನ್ನು ಅಡಕತ್ತರಿಯಲ್ಲಿ ಸಿಕ್ಕಿಸಿದರು. ಕೊನೆಗೆ ಅವಳು, ‘ಏನಾದರೂ ಮಾಡಿಕೊಳ್ಳಿ’ ಎಂದು ಎದ್ದು ಹೋದಳು. ಅವರು ಮಾಡಿಕೊಂಡದ್ದೇನು? ಸ್ಟುಡಿಯೋಗೆ ಹೋಗಿ, ‘ಒರಿಜಿನಲ್ ಹಾಕು’ ಎಂದರು. ಸದ್ದು ಜೋಡಿಸುವವನಿಗೆ ಅದೊಂದು ಬಾಗಿಲಿನ ಕಿರ್ರಿನಷ್ಟೇ ಮಾಮೂಲಿ, ಅವನನ್ನು ಬೈದು ಪ್ರಯೋಜನವಿಲ್ಲ. ನಾಯಕಿಯ ಮಾತೆಲ್ಲ ನನ್ನದೇ ಆದ್ದರಿಂದ ಚೀತ್ಕಾರವೂ ಎರಕ ಹೊಯ್ದ ಹಾಗೆ ಕೂತುಕೊಂಡಿತು.

ಇದು ನನಗೆ ಗೊತ್ತಾದದ್ದು ಪತ್ರಕರ್ತರಿಗೆಂದು ಮಾಡಿದ ಪ್ರದರ್ಶನದಲ್ಲಿ. ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ನಾಯಕಿ ಸಾಮಾನಿನ ಕೋಣೆಯ ಬಾಗಿಲಿಗೆ ಬಂದಳು. ನಾನು ಅಕ್ಕನ ತೊಡೆ ತಟ್ಟಿ, ‘ಈಗ ಕೇಳು’ ಎಂದೆ. ನನ್ನ ಉಸಿರು ಬರಬೇಕಿದ್ದ ಜಾಗದಲ್ಲಿ ಆ ಕತ್ತಲೆ ಬಂತು. ಕುಳಿತಲ್ಲೇ ನನ್ನ ಕೈ ಕತ್ತಿಗೆ ಹೋಯಿತು. ಅಕ್ಕ ನಗುತ್ತಾ, ‘ಕಿರುಚಲ್ಲ ಅಂದಿದ್ದೆ? ಇದು ನೀನೇ ಅಲ್ವೇನೇ?’ ಎಂದಳು. ನಾನು ಎದ್ದು ಹೊರಗೆ ಬಂದೆ. ಹಿಂದೆಯೇ ಬಂದವಳಿಗೆ, ಪೋಸ್ಟರುಗಳ ಕೆಳಗೆ ನಿಂತುಕೊಂಡು, ನಿಮಗೆ ಹೇಳಿದ್ದನ್ನೆಲ್ಲ ಹೇಳಿದೆ. ಅಕ್ಕ, ‘ಆ ಹಳೇ ಸಿನಿಮಾನ ನಾನು ಎಷ್ಟು ಸಲ ನೋಡಿದೀನಿ ಗೊತ್ತಾ? ಆ ಜಾಗದಲ್ಲಿ ಪ್ರತಿ ಸಲ ನಗ್ತಿದ್ದೆ ಕಣೇ. ನೀನು ಚೆನ್ನಾಗ್ ಮಾಡಿದೀಯ ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳ್ತಿದ್ದೆ’ ಎಂದಳು. ಆಮೇಲೆ ಗೋಡೆಗೆ ಒರಗಿ ಅತ್ತಳು. ಈ ಅಳುವಿಗೆ ಯಾರು ಹೊಣೆ ಎಂದು ಯಾವ ಷರಾದಲ್ಲಿ ಬರೆಯುತ್ತೀರಿ?

ಆಗಲೂ ನನಗೆ ನಿಮ್ಮ ಮೇಲೆ ಸಂಶಯ ಬರಲಿಲ್ಲ. ಪಾಪ, ಮೇಡಂಗೆ ಗೊತ್ತಾಗಿರಲಿಕ್ಕಿಲ್ಲ, ಹೇಳಿದರೆ ಆ ಕ್ಷಣವೇ ತೆಗೆಸುತ್ತಾರೆ ಎಂದುಕೊಂಡೇ ಮಾರನೆಯ ದಿನ ನಿಮ್ಮ ಕಚೇರಿಗೆ ಬಂದೆ. ಎದುರಿಗೆ ಕೂರಿಸಿದಿರಿ, ಬಾಗಿಲು ಹಾಕಿಸಿದಿರಿ. ನಾನು ಬಾಯಿ ತೆರೆಯುವ ಮೊದಲೇ ನೀವೇ ಹೇಳಿದಿರಿ: ‘ಗೊತ್ತು. ತಿದ್ದಿ ತಂದದ್ದನ್ನ ಎರಡನೇ ಸಲ ನೋಡುವಾಗ ಗುರುತು ಸಿಕ್ತು.’

‘ಗುರುತು ಸಿಕ್ಕಿಯೂ ಸಹಿ ಹಾಕಿದ್ರಾ ಮೇಡಂ?’

‘ನೋಡಿ, ನೀವು ಧ್ವನಿ ಕೊಟ್ಟ ಪಾತ್ರಕ್ಕೆ ನಿಮ್ಮದೇ ಧ್ವನಿ. ಬೇರೆ ಯಾರದ್ದೋ ತಂದು ಹಾಕಿದ್ರೆ ಅದು ತಪ್ಪಾಗ್ತಿತ್ತು. ಎರಡು ಕ್ಷಣದ ವಿಷಯ.’

‘ನೀವೇ ಅಲ್ವಾ ಅದನ್ನ ಸಾಕ್ಷ್ಯ ಅಂದಿದ್ದು?’

‘ಆಗ ನಾನು ಹೊರಗಿದ್ದೆ’ ಎಂದಿರಿ. ‘ಒಳಗೆ ಬಂದ ಮೇಲೆ ಎಲ್ಲರನ್ನೂ ಜೊತೆಗೆ ಕರ್ಕೊಂಡು ಹೋಗ್ಬೇಕಾಗುತ್ತೆ. ಇವತ್ತು ಒಂದು ಕಿರುಚಾಟ ಬಿಟ್ಟುಕೊಟ್ರೆ ನಾಳೆ ಇನ್ನೊಂದು ಸಿನಿಮಾ ಉಳಿಸಬಹುದು. ನೀವು ದೊಡ್ಡ ಮನಸ್ಸು ಮಾಡ್ಬೇಕು.’

ಅಷ್ಟರಲ್ಲಿ ಕಾಫಿ ಬಂತು. ಕುಡಿದೆ, ಯಾಕೆ ಕುಡಿದೆನೋ ಗೊತ್ತಿಲ್ಲ. ಬಹುಶಃ ನಿಮ್ಮ ಎದುರು ಇನ್ನೂ ಅದೇ ಮರ್ಯಾದೆ ಉಳಿದಿತ್ತು. ಬಸ್ಸಿನಲ್ಲಿ ಕುಳಿತ ಮೇಲೆ ಉತ್ತರ ಹೊಳೆಯಿತು, ನನ್ನಂಥವರಿಗೆ ಯಾವಾಗಲೂ ಬಸ್ಸಿನಲ್ಲೇ ಹೊಳೆಯುವುದು. ‘ಎಲ್ಲರನ್ನೂ’ ಎಂದಿರಲ್ಲ, ಆ ಎಲ್ಲರಲ್ಲಿ ನಾನು ಯಾಕಿಲ್ಲ? ಬಿಟ್ಟುಕೊಡುವುದಿದ್ದರೆ ನಿಮ್ಮದನ್ನು ಬಿಟ್ಟುಕೊಡಿ, ನಿಮ್ಮ ಕುರ್ಚಿಯನ್ನೋ ನಿಮ್ಮ ಮಾತನ್ನೋ. ನನ್ನದನ್ನು ಬಿಟ್ಟುಕೊಡಲು ನಿಮಗೆ ಹೇಳಿದವರಾರು? ನನ್ನ ಹಿಂದೆ ಕತ್ತಲಲ್ಲಿ ನಿಂತಿದ್ದವನು ಸಹ ಕಲೆಗೋಸ್ಕರ ಎಂದೇ ಹೇಳಿದ್ದ. ಅವನಿಗೆ ಕೊನೇಪಕ್ಷ ನನ್ನ ಕಥೆ ಗೊತ್ತಿರಲಿಲ್ಲ, ನಾನು ಅವನ ಎದುರು ಯಾವತ್ತೂ ಮನಸ್ಸು ಬಿಚ್ಚಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು ಎಂದು ಹಿರಿಯರು ಕೇಳುತ್ತಿದ್ದರು. ನಾನು ಬೇಲಿಗೇ ಬರೆಯುತ್ತಿದ್ದೇನೆ. ನೋವಾಗಿದೆ, ಸಿಟ್ಟು ಬಂದಿದೆ, ನಿಮ್ಮನ್ನು ನಂಬಿದ್ದಕ್ಕೆ ನಾಚಿಕೆಯಾಗಿದೆ.

ಮೂವರು ಗಂಡಸರು ಕೂತು ಈ ಸಲಹೆ ಬರೆದಿದ್ದರೆ ನಾನು ಒಂದು ಸಲ ಉಗಿದು ಸುಮ್ಮನಾಗುತ್ತಿದ್ದೆ. ಹಾಡಿದ್ದೇ ಹಾಡುವವರಿಂದ ಹೊಸ ರಾಗ ಬಯಸುವವಳಲ್ಲ. ಆದರೆ ಹೆಣ್ಣಿಗೆ ಭಯದ ಸಿನಿಮಾದಲ್ಲಿ ಏನು ಉಳಿದಿದೆ ಎಂದು ಊರೂರು ತಿರುಗಿ ಕೇಳಿದವರು ನೀವು. ಆ ಹುಡುಗಿ ಈ ಕಥೆ ಬರೆದದ್ದೇ ನಿಮ್ಮ ಭಾಷಣ ಕೇಳಿ ಎಂಬುದು ನಿಮಗೆ ಗೊತ್ತೇ? ಅವಳು ನಿಮಗೆ ಹೇಳಬೇಕೆಂದಿದ್ದಳು. ಸಲಹೆ ಕೈಗೆ ಬಂದ ಮೇಲೆ ಹೇಳಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಶುಕ್ರವಾರದೊಳಗೆ ಆ ಸಲಹೆಯನ್ನು ಹಿಂತೆಗೆದುಕೊಳ್ಳಿ. ಆ ಜಾಗದಲ್ಲಿ ಮೊದಲಿದ್ದ ಉಸಿರನ್ನು ಹಾಗೇ ಇರಗೊಡಿ. ಆ ಚೀತ್ಕಾರವನ್ನು ಸ್ಟುಡಿಯೋದ ಸಂಗ್ರಹದಿಂದ ಅಳಿಸಬೇಕು, ಅದಿರುವ ಯಾವ ಹೊಸ ಸಿನಿಮಾಕ್ಕೂ ಪರವಾನಗಿಯಿಲ್ಲ ಎಂದು ನಿಮ್ಮ ಸಹಿ ಹಾಕಿ ಬರೆದುಕೊಡಿ. ಇದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ನಿಮ್ಮ ಪೆನ್ನು ಸಾಕು. ಇಲ್ಲ, ಹೆದರದ ಹೆಂಗಸನ್ನು ತೋರಿಸಲಾಗದು, ಅಲ್ಲಿ ಒಂದು ಕಿರುಚಾಟ ಬೇಕೇ ಬೇಕು ಎನ್ನುವುದಾದರೆ ನೀವೇ ಸ್ಟುಡಿಯೋಗೆ ಬಂದು ಅದನ್ನು ಕೊಡಿ. ದೀಪ ಉರಿಯುತ್ತಲೇ ಇರುತ್ತದೆ. ಬಾಗಿಲಿಗೆ ಚಿಲಕ ಹಾಕುವುದಿಲ್ಲ. ನಿಮ್ಮ ಹಿಂದೆ ಯಾರೂ ನಿಂತಿರುವುದಿಲ್ಲ. ಗಾಜಿನ ಆಚೆ ನಾನು ಕುಳಿತಿರುತ್ತೇನೆ. ಸರಿಯಾಗಿ ಬರಲಿಲ್ಲವೆಂದರೆ, ‘ಪರವಾಗಿಲ್ಲ ಮೇಡಂ, ಸ್ವಲ್ಪ ನೀರು ಕುಡೀರಿ, ಇನ್ನೊಂದ್ಸಲ ಮಾಡೋಣ’ ಎನ್ನುತ್ತೇನೆ. ಆವತ್ತು ನನಗೆ ಯಾರಾದರೂ ಅಷ್ಟು ಹೇಳಿದ್ದರೆ ಸಾಕಿತ್ತು.

ಇಂತಿ,
ನಿಮ್ಮ ಭಾಷಣಗಳಿಗೆ ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ,
ಕಿರುಚಮ್ಮ